ಹರಿವ ನೆತ್ತರು ಕಟ್ಟಿಕೊಂಡ ಹಾದಿ

ತೆಂಗಿನ ಹೊಂಬಾಳೆಯಿಂದ ಕಳ್ಳಿಳಿಸುವವರನ್ನು ನಮ್ಮ ಕಡೆಯಲ್ಲಿ ಮೂರ್ತೆದಾರರೆನ್ನುತ್ತಾರೆ. ಮಣ್ಣಗುಡ್ಡದ ಬೂಬನು ಅಂಥವರಲ್ಲಿ ಅಗ್ರಗಣ್ಯನು. ಎಳೆಯ ಹೊಂಬಾಳೆಯನ್ನು ಬಿಗಿದು, ದಿನದಿನವೂ ಮೆಲ್ಲನೆ ತಟ್ಟಿ, ತುದಿಯನ್ನು ಹೂವಿನೆಸಳಿನಷ್ಟು ತೆಳುವಾಗಿ ಕೆತ್ತಿದರೆ, ಮೊದಲು ಹನಿಯಷ್ಟೇ ಒಸರುವ ರಸವು ಬರಬರುತ್ತ ಮಡಕೆ ತುಂಬುವಂತೆ ಇಳಿಯುವುದು. ಆತನ ಕೈ ಸೋಂಕಿದ ಮರವು ಬತ್ತಿದುದನ್ನು ಯಾರೂ ಕಂಡಿರಲಿಲ್ಲ. ತನ್ನ ಮರಕ್ಕೆ ಅನ್ಯನು ಕಾಲಿಡಬಾರದೆಂಬುದು ಆತನ ಹಮ್ಮು. ಅದು ಆತನಿಗೆ ಒಪ್ಪುತ್ತಿದ್ದ ಹಮ್ಮು.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಮೊದಲ ಮಳೆಯ ಮರುದಿನ, ನೆನೆದ ಕಾಂಡದಿಂದ ಇಳಿಯುವಾಗ ಬೂಬನ ಕಾಲು ಜಾರಿತು. ಸೊಂಟದ ಕತ್ತಿಯು ಒರೆಯಿಂದ ಕಳಚಿ ಬಲತೊಡೆಯನ್ನು ಸೀಳಿತು. ನೆತ್ತರು ಬುಗ್ಗೆಯಾಗಿ ಚಿಮ್ಮಿತು. ಬುಡದಲ್ಲಿ ನಿಂತಿದ್ದ ಹೆಂಡತಿ ಬಾಗಿಯು ಕಿರುಚಲಿಲ್ಲ; ಗಾಯಕ್ಕೆ ಮುಷ್ಟಿಯನ್ನೊತ್ತಿ, ಎತ್ತಿನ ಗಾಡಿಯು ಅತ್ತಾವರದ ಆಸ್ಪತ್ರೆಯನ್ನು ಮುಟ್ಟುವವರೆಗೂ ಅದನ್ನು ತೆಗೆಯಲಿಲ್ಲ. ಅಲ್ಲಿನ ಡಾಕ್ಟರ್ ಯೂಸ್ಟೇಸರು ತುಂಡಾದ ಹಿರಿಯ ರಕ್ತನಾಳವನ್ನು ಎರಡೂ ತುದಿಗಳಲ್ಲಿ ಬಿಗಿದು ಕಟ್ಟಿದರು. ಪ್ರಾಣವುಳಿಯಿತು. ಕಾಲಿನ ವಿಚಾರದಲ್ಲಿ ಅವರು ಮಾತು ಕೊಡಲಿಲ್ಲ.

ಗಾಯ ಮಾಯ್ದು ಮನೆಗೆ ಬಂದ ಮೇಲೂ ಪಾದವು ತಣ್ಣಗೆ, ಬಿಳಿಚಿಕೊಂಡೇ ಇತ್ತು. ನಾಲ್ಕು ಹೆಜ್ಜೆಯಿಟ್ಟರೆ ಮೀನಖಂಡವು ಹಿಂಡಿದಂತೆ ನೋಯುವುದು. ಡಾಕ್ಟರರು ನಡೆಯೆಂದಿದ್ದರೂ, ನೋವೆಂಬುದು ಕಾಲು ಸಾಯುತ್ತಿರುವ ಗುರುತೆಂದು ಬಗೆದ ಬೂಬನು ಜಗಲಿಯಲ್ಲಿ ಕಾಲು ಚಾಚಿ ಅಲುಗದೆ ಕುಳಿತುಬಿಟ್ಟನು.

ಒಂದು ದಿನ ಬಾಗಿಯ ಅಣ್ಣ ಬೋಜನು ಬಂದು ಎದುರಿಗೆ ಕುಕ್ಕರಿಸಿದನು. ಅವನೂ ಮೂರ್ತೆದಾರನೇ.

“ಭಾವ, ನಿನ್ನ ಮರಗಳು ಸುಮ್ಮನೆ ಉಂಟಲ್ಲ. ತೋಟದ ಧನಿಗಳು ಕಾರ್ತಿಕದವರೆಗೆ ಕಾಯ್ತಾರಂತೆ. ಮತ್ತೆ ನಾನು ಹತ್ತುತ್ತೇನೆ. ಎಂತ ಹೇಳ್ತಿ?”

“ನೀನಾ? ನೀನು ಕೆತ್ತಿದರೆ ಹೊಂಬಾಳೆ ನಗಾಡೀತು ಮಾರಾಯ.”

“ನಗಾಡಲಿ. ಹತ್ತುವ ಕಾಲು ನನ್ನ ಹತ್ತಿರ ಉಂಟು. ನಿನ್ನ ಹತ್ತಿರ ಉಂಟಾ?”

ಬಾಗಿಲಲ್ಲಿ ನಿಂತಿದ್ದ ಬಾಗಿಯು, “ಕಾರ್ತಿಕ ಬರಲಿ ಅಣ್ಣ, ಆಗ ಕೇಳು” ಎಂದಳು. ಮರುದಿನವೇ ಗಂಡನನ್ನು ಗಾಡಿಯಲ್ಲಿ ಕೂರಿಸಿ ಅತ್ತಾವರಕ್ಕೆ ಕರೆದೊಯ್ದಳು.

ಡಾಕ್ಟರರು ಗದರಲಿಲ್ಲ. ಕಾವೂರು ಕೆರೆಯಿಂದ ತರಿಸಿ ಗಾಜಿನ ಭರಣಿಯಲ್ಲಿ ಸಾಕಿದ್ದ ಗೊದಮೊಟ್ಟೆಯೊಂದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಅದರ ತಿಳಿಯಾದ ಬಾಲವನ್ನು ಸೂಕ್ಷ್ಮದರ್ಶಕದ ಕೆಳಗಿರಿಸಿದರು. ಬೂಬನು ಕಣ್ಣಿಟ್ಟು ನೋಡಿದನು. ನಾಳಗಳಲ್ಲಿ ನೆತ್ತರ ಕಣಗಳು ಸಾಲುಗಟ್ಟಿ ಓಡುತ್ತಿದ್ದವು. ಡಾಕ್ಟರರು ಒಂದು ಹಾಳೆಯನ್ನು ಮುಂದಿಟ್ಟರು.

“ಇದೇ ಬಾಲದ ಚಿತ್ರ, ಹೋದ ವಾರ ಬರೆದದ್ದು. ಆಗ ಈ ಎರಡು ನಾಳಗಳೂ ಒಂದೇ ಗಾತ್ರ. ಈಗ?”

“ಒಂದು ದಪ್ಪ ಆಗಿ ಉಂಟು. ಇನ್ನೊಂದು ನೂಲಿನ ಹಾಗೆ. ಅದರಲ್ಲಿ ಓಟವೇ ಇಲ್ಲ.”

“ನಾಳದ ಒಳಗೋಡೆಗೆ ಹೆಂಚು ಹಾಸಿದ ಹಾಗೆ ಸಣ್ಣ ಸಣ್ಣ ಜೀವಕೋಶಗಳು ಉಂಟು. ರಕ್ತ ಉಜ್ಜಿಕೊಂಡು ಓಡಿದರೆ ಅವು ಹೆಚ್ಚುತ್ತವೆ, ನಾಳ ಅಗಲ ಆಗ್ತದೆ. ಮೊಳಕೆಯ ಹಾಗೆ ಹೊಸ ಕವಲು ಚಾಚುವುದೂ ಅವೇ. ಓಟ ನಿಂತರೆ ನಾಳ ಕುಗ್ಗುತ್ತದೆ. ನಿನ್ನ ತೊಡೆಯ ದೊಡ್ಡ ದಾರಿ ಮುಚ್ಚಿದೆ. ಪಕ್ಕದಲ್ಲಿ ಕಿರಿದಾರಿಗಳು ಉಂಟು. ನೀನು ನಡೆದರೆ ಅವುಗಳಲ್ಲಿ ರಕ್ತ ಓಡ್ತದೆ. ಕೂತರೆ?”

“ತಟ್ಟದೆ ಬಿಟ್ಟ ಹೊಂಬಾಳೆಯ ಹಾಗೆ ಡಾಕ್ಟ್ರೇ. ಬಾಯಿ ಕಟ್ತದೆ.”

“ಜಾಸ್ತಿ ತಟ್ಟಿದರೆ?”

“ಒಡೀತದೆ.”

“ಇದೂ ಹಾಗೆಯೇ. ನೋವು ಬಂದರೆ ನಿಲ್ಲು. ಹೋದ ಮೇಲೆ ಮತ್ತೆ ನಡೆ.”

ಅಂದಿನಿಂದ ಬೂಬನು ಒಂದು ತೆಂಗಿನಿಂದ ಇನ್ನೊಂದಕ್ಕೆ ನಡೆಯತೊಡಗಿದನು. ನೋವೆದ್ದರೆ ಕಾಂಡಕ್ಕೆ ಹಣೆಯಾನಿಸಿ ನಿಲ್ಲುವನು. ನೋವಿಳಿದರೆ ಮುಂದಿನ ಮರಕ್ಕೆ ನಡೆಯುವನು. ಆಷಾಢದ ಜಡಿಮಳೆಯಲ್ಲಿ ಬಾಗಿಯು ತಲೆಬೆನ್ನು ಮುಚ್ಚುವ ಓಲೆಯ ಗೊರಬೆ ಹೊತ್ತು ಹಿಂದೆಯೇ ನಡೆದಳು.

“ಎಂತ ಬೂಬ, ಮರ ಎಣಿಸ್ತಿಯಾ?” ಎಂದು ದಾರಿಹೋಕರು ಕೆಣಕಿದರೆ, “ಹೌದು, ಭಾವ ಒಂದೆರಡು ಹೊತ್ತುಕೊಂಡು ಹೋದನಾ ಅಂತ” ಎನ್ನುವನು.

ದೇಹವೆಂಬ ಈ ಕ್ಷೇತ್ರದಲ್ಲಿ ಭಗವಂತನು ಕಾಲುವೆಗಳನ್ನು ಮಾತ್ರವಲ್ಲ, ಅವನ್ನು ತೋಡುವ ಕರ್ಮಿಗಳನ್ನೂ ಒಳಗೇ ಇರಿಸಿದ್ದಾನೆ. ಅವರಿಗೆ ಕೆಲಸ ಕೊಡುವುದು ಮನುಷ್ಯನ ಪಾಲು. ಬೂಬನು ಒಂದು ದಿನವೂ ತಪ್ಪದೆ ಕೊಟ್ಟನು.

ಕಾರ್ತಿಕ ಬಂದಿತು. ಡಾಕ್ಟರ್ ಯೂಸ್ಟೇಸರು ಬೂಬನ ಪಾದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಬಳಿಕ ಬಾಗಿಯ ಕೈಹಿಡಿದು, ಅವಳ ಬೆರಳನ್ನು ಅಲ್ಲಿಯೇ ಇಟ್ಟರು. ನೆತ್ತರನ್ನು ತಡೆದಿದ್ದ ಆ ಕೈಯ ಕೆಳಗೆ ಈಗ ಅದೇ ನೆತ್ತರು ಸಣ್ಣಗೆ, ಸ್ಪಷ್ಟವಾಗಿ ಮಿಡಿಯುತ್ತಿತ್ತು.

“ಉಂಟು!” ಎಂದಳು ಬಾಗಿ.

ಮರುದಿನ ತೋಟದಲ್ಲಿ ಬೋಜನು ಕತ್ತಿ ಮಸೆದು ಸಿದ್ಧನಾಗಿ ನಿಂತಿದ್ದನು. ಬೂಬನು ಅವನತ್ತ ನೋಡದೆ, ಕಾಲಿಗೆ ಹಗ್ಗದ ಕುಣಿಕೆ ತೊಟ್ಟು ಮರವನ್ನಪ್ಪಿದನು. ಅರ್ಧದಲ್ಲಿ ನಿಂತು ಕಾಂಡಕ್ಕೆ ಹಣೆಯಾನಿಸಿದಾಗ ಬೋಜನು ಬುಡಕ್ಕೆ ಧಾವಿಸಿದನು. ಜೊತೆಗೆ ಬಂದಿದ್ದ ಬಾಗಿ ಮಾತ್ರ ಅಂಜಲಿಲ್ಲ. ನೋವು ಇಳಿಯಲು ಬೇಕಾಗುವ ಹೊತ್ತನ್ನು ಅವಳು ಬಲ್ಲಳು. ಸ್ವಲ್ಪ ಹೊತ್ತಿಗೆ ಕಾಲು ಮೇಲೆದ್ದಿತು, ಮತ್ತೆ ಎದ್ದಿತು, ಗರಿಗಳ ನಡುವೆ ಮರೆಯಾಯಿತು.

“ಭಾವ!” ಎಂದು ಮೇಲಿನಿಂದ ಧ್ವನಿ ಬಂದಿತು. “ಅಲ್ಲೇ ಬೇರು ಬಿಡಬೇಡ ಮಾರಾಯ. ಮಡಕೆ ಕಳಿಸು!”

ಬೋಜನು ತನ್ನ ಕತ್ತಿಯನ್ನು ಒರೆಗೆ ಸೇರಿಸಿ, ಬೂಬನ ಮಡಕೆಯನ್ನು ಮೇಲಿನಿಂದ ಇಳಿದುಬಂದ ಹಗ್ಗಕ್ಕೆ ಕಟ್ಟಿದನು.