ಸಾತನೂರಿನ ಮದುವೆಗೆ ತಡವಾದ ದಿನ

ರೇಷ್ಮೆಗೆ ಒಳ್ಳೆಯ ಬೆಲೆ ಬಂದು ಊರೆಲ್ಲ ಹಿಪ್ಪುನೇರಳೆ ಹಾಕಿದ್ದ ದಿನಗಳವು. ಬೈರಾಪಟ್ಟಣದ ನಮ್ಮ ಮನೆಯಲ್ಲಿ ನಡುಮನೆ ಹುಳಗಳಿಗೆ, ಜಗಲಿ ನಮಗೆ. ಹಣ್ಣು ತಿಂದು ನಾಲಿಗೆ ಕಪ್ಪಾಗಿ, ಬಟ್ಟೆಗೆ ಹಸಿಸೊಪ್ಪಿನ ವಾಸನೆ ಅಂಟಿಕೊಂಡೇ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು. ರೇಷ್ಮೆಗೂಡು ಮಾರಿದವರೆಲ್ಲ ಮದುವೆಗೆ ಫೋಟೋದವರನ್ನು ಕರೆಸುವುದು ಆಗಲೇ ಶುರುವಾಗಿತ್ತು.

ನನ್ನ ಸೋದರಮಾವ ಸಿದ್ದರಾಜು ಚನ್ನಪಟ್ಟಣದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ. ಹೊಟ್ಟೆಪಾಡಿಗೆ ಮದುವೆ ಫೋಟೋ, ಆದರೆ ಜೀವವೆಲ್ಲ ಕಲ್ಲುಗುಡ್ಡಗಳ ಮೇಲೆ. ಗೋಡೆ ತುಂಬ ಕಪ್ಪು ಬಿಳುಪಿನ ಗುಡ್ಡ, ಮೋಡ, ಬಂಡೆ.

“ಮಾವ, ಇದ್ರಲ್ಲಿ ಯಾರೂ ಇಲ್ವಲ್ಲ?” ಎಂದರೆ, “ಬೆಳಕೈತಲ್ಲ ಮಗಾ” ಅನ್ನುತ್ತಿದ್ದ. ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಏನೂ ತಿಳಿಯುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಬೇಸಿಗೆಯಲ್ಲಿ, ಸಾತನೂರಿನ ನಮ್ಮ ನೆಂಟರು ಚೌಡೇಗೌಡರ ಮಗಳು ಗಿರಿಜಕ್ಕನ ಮದುವೆ. ಫೋಟೋ ತೆಗೆಯುವ ಕೆಲಸ ಮಾವನದೇ. ಅವ್ವ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದಳು. ನಾನು ಬೆಳಿಗ್ಗೆ ಮಾವನ ಸ್ಕೂಟರಿನಲ್ಲಿ ಹೊರಟೆ. ರಾತ್ರಿ ಮೊದಲ ಮಳೆ ಬಿದ್ದು ರಸ್ತೆಬದಿಯ ಗುಡ್ಡವೊಂದು ಇನ್ನೂ ಒದ್ದೆಯಾಗಿತ್ತು. ಮೋಡದ ಸಂದಿನಿಂದ ಬಿಸಿಲು ಬಂಡೆಯ ಮೇಲೆ ಇಳಿಯುತ್ತಿತ್ತು. ಮಾವ ಗಾಡಿ ನಿಲ್ಲಿಸಿಬಿಟ್ಟ.

“ಮಾವ, ಮೂರ್ತ ಆಗೋಯ್ತದೆ.”

“ಒಸಿ ತಡಿ ಮಗಾ. ಆ ಮೋಡ ಸರೀಲಿ.”

ಒಂದು ಮೋಡ ಸರಿದರೆ ಇನ್ನೊಂದು ಬರುತ್ತಿತ್ತು. ಮಾವ ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತೇ ಇದ್ದ. ನಾನು ಕರೆದದ್ದು ಅವನಿಗೆ ಕೇಳಿಸುತ್ತಿರಲಿಲ್ಲ.

ಚಪ್ಪರ ತಲುಪಿದಾಗ ಬೂಂದಿಯ ವಾಸನೆ ಎದುರಾಯಿತು. ಓಲಗ ನಿಂತಿತ್ತು. ಗಿರಿಜಕ್ಕನ ತಲೆಯ ಮೇಲೆ ಅಕ್ಷತೆ, ಕೊರಳಲ್ಲಿ ತಾಳಿ.

“ಎಲ್ಲಯ್ಯ ಓಗಿದ್ದೆ?” ಚೌಡೇಗೌಡರು ಕೂಗಿದರು.

“ಗಾಡಿ ಪಂಚರ್ ಆಗ್ಬುಡ್ತು ಗೌಡ್ರೇ.”

ಗೌಡರು ನನ್ನ ಕಡೆ ಬಗ್ಗಿದರು. “ದಿಟವೇನವ್ವಾ?”

ಮಾವ ನನ್ನನ್ನು ನೋಡಲಿಲ್ಲ. ಅವ್ವನ ಮುಖ ನೋಡಿದೆ. “ಮಾವ ಗುಡ್ಡದ ಫೋಟೋ ತೆಗೀತಿತ್ತು” ಅಂದುಬಿಟ್ಟೆ.

ಯಾರೋ ನಕ್ಕರು. ಗೌಡರು ನಗಲಿಲ್ಲ. “ಅಂಗಾರೆ ಆ ಗುಡ್ಡಕ್ಕೇ ತಾಳಿ ಕಟ್ಟಿಸ್ಬೇಕಾಗಿತ್ತು ಕಣಯ್ಯ. ಇನ್ ಯಾವ ಫೋಟೋನೂ ಬ್ಯಾಡ, ನಡಿ.”

ಮಾವ ಉಣ್ಣದೆ ಹೊರಟುಹೋದ. ಅವ್ವ ನನ್ನ ತೋಳು ಚಿವುಟಿ, “ಊಂ ಅಂದಿದ್ರೆ ನಿನ್ ಗಂಟೇನೇ ಓಗ್ತಿತ್ತು?” ಎಂದಳು. ಅದೇ ವಾರ ಬೆಲ್ಲ ಕದ್ದು ಸುಳ್ಳು ಹೇಳಿದ್ದಕ್ಕೆ ಕಿವಿ ಹಿಂಡಿದ್ದವಳೂ ಅವಳೇ. ಎಲೆಯ ಮುಂದೆ ಕೂತವಳು ಪಾಯಸವನ್ನು ಹಾಗೇ ಬಿಟ್ಟು ಎದ್ದೆ.

ತಿಂಗಳಾದ ಮೇಲೆ ಅವ್ವನ ಜೊತೆ ಸ್ಟುಡಿಯೋಗೆ ಹೋದಾಗ ಆ ಗುಡ್ಡ ಗೋಡೆಯ ಮೇಲಿತ್ತು. ನಾವು ಕೂತಿದ್ದಾಗಲೇ ಗಿರಿಜಕ್ಕ ಗಂಡನೊಂದಿಗೆ ಒಳಗೆ ಬಂದಳು. ಜಗಳಕ್ಕೇ ಬಂದಳೆಂದು ಅವ್ವನ ಸೆರಗು ಹಿಡಿದುಕೊಂಡೆ.

“ಅಣ್ಣ, ಅವತ್ತು ತೆಗ್ದಿದ್ದು ಇದೇಯಾ?”

“ಊಂ ಕಣವ್ವ. ನನ್ದು ತಪ್ಪಾಯ್ತು.”

“ಅಂಗಾರೆ ಇದ್ನೇ ಕೊಡಿ.”

“ಇದ್ರಲ್ಲಿ ನೀನಿಲ್ವಲ್ಲವ್ವ.”

“ನಂಗೆ ತಾಳಿ ಕಟ್ಟೋ ಒತ್ನಲ್ಲಿ ತೆಗ್ದಿರೋದು ಇದೊಂದೇ ಅಲ್ವಾ.”

ಮಾವ ಚಿತ್ರ ಇಳಿಸಿ ಪೇಪರಿನಲ್ಲಿ ಸುತ್ತಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ನನಗೆ ಗೊತ್ತಾಗಲಿಲ್ಲ. ಗಿರಿಜಕ್ಕ ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ಆದರೆ ಮದುವೆಯವರು ಮಾವನನ್ನು ಕರೆಯುವುದು ನಿಂತುಹೋಯಿತು. ಮರುವರ್ಷ ಸ್ಟುಡಿಯೋ ಮುಚ್ಚಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದ. ಕ್ಯಾಮೆರಾ ಏನಾಯಿತೋ ಯಾರೂ ಹೇಳಲಿಲ್ಲ.

ನನಗೀಗ ಐವತ್ತು ದಾಟಿದೆ. ಆ ಮನೆ, ಆ ಹುಳ, ಮಾವ ಫೋಟೋ ತೊಳೆಯುತ್ತಿದ್ದ ಕತ್ತಲೆಕೋಣೆಯ ಹುಳಿ ವಾಸನೆ, ಯಾವುದೂ ಉಳಿದಿಲ್ಲ. ಅವು ಹೇಗೂ ಹೋಗುವಂಥವೇ. ಮಾವ ಒಂದು ದಿನವೂ ನನ್ನನ್ನು ಬೈಯಲಿಲ್ಲ, ಹಬ್ಬಕ್ಕೆ ಬಂದಾಗ ತಲೆ ಸವರುತ್ತಿದ್ದ. ಆದರೆ “ಬಾ ಮಗಾ, ಓಗಣ” ಎಂದು ಮತ್ತೆಂದೂ ಎಲ್ಲಿಗೂ ಕರೆಯಲಿಲ್ಲ. ಕೋಪವಿತ್ತೋ, ನಾಚಿಕೆಯೋ, ಮರೆತೇಬಿಟ್ಟಿದ್ದನೋ. ಅವನು ಹೋಗಿ ಎಷ್ಟೋ ವರ್ಷವಾಯಿತು. ಬದುಕಿದ್ದಾಗ ಕೇಳಲು ನನಗೆ ಬಾಯಿ ಬರಲಿಲ್ಲ.