ಹತ್ತು ಪ್ರತಿ, ಒಂದೂ ಕಮ್ಮಿಯಿಲ್ಲ

ಬನ್ರೋ, ಕಿವಿ ಕೊಡ್ರೋ, ಇದು ಲೂಲಿಯೋ ಊರಿನ ನಮ್ಮ ಕಟ್ಟಡದ ತೂವಾಳ ಸಂಗತಿ! ಚಳಿಗಾಲದಲ್ಲಿ ಮಾತಿಗೊಬ್ಬರೂ ಸಿಗದೆ, ಆಕೆ ಕಳೆದುಹೋದ ತನ್ನ ಬೆಕ್ಕಿನ ಕಥೆ ಬರೆದು, ಹಾಳೆ ಮಡಚಿ ಎಂಟು ಪುಟದ ಪುಟಾಣಿ ಪುಸ್ತಕ ಮಾಡಿದಳು. ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಹತ್ತು ಪ್ರತಿ ಇಟ್ಟಳು. ಯಾರಾದರೂ ಓದಿದರೆ ಸಾಕಿತ್ತು. ಮೂರು ವಾರವಾದರೂ ಹತ್ತೂ ಅಲ್ಲೇ ಇದ್ದವು. ಇವತ್ತು ಕಸದ ಬುಟ್ಟಿಗೆ ಹಾಕಲು ಎತ್ತಿಕೊಂಡಾಗ ಪಕ್ಕದ ಮನೆಯ ಮುದುಕ ಎವರ್ಟ್ ಗದರಿದ.

“ಏ ಹುಡುಗಿ, ಎಲ್ಲಿಗೆ ಒಯ್ತಿದ್ದೀಯ? ಮಿಷಿನ್ ತಿರುಗೋವಾಗ ನಾವೆಲ್ಲ ಓದೋದು ಅದನ್ನೇ!”

“ಮತ್ತೆ ಒಂದೂ ಕಮ್ಮಿ ಆಗಿಲ್ವಲ್ಲ?”

“ಇನ್ನೊಬ್ಬರದ್ದು ಕೇಳದೆ ಮನೆಗೆ ಒಯ್ಯೋಕೆ ನಾವೇನು ಕಳ್ಳರಾ?”

ಅಷ್ಟು ಹೇಳಿ ಅವನು ಬಟ್ಟೆ ಹೊತ್ತು ಹೊರಟುಹೋದ. ತೂವಾ ಒಬ್ಬಳೇ ಬೆಂಚಿನ ಮೇಲೆ ಕುಳಿತು, ಹತ್ತೂ ಮುಖಪುಟಗಳ ಮೇಲೆ ‘ಮನೆಗೆ ತಗೊಂಡು ಹೋಗಿ’ ಎಂದು ಬರೆದಳು.