ಕರಡಿಗೆ ತಿಳಿದ ‘ಚಲೋ’

1974ರ ಮಾತು. ಸಂಪಗಾಂವದಲ್ಲಿ ನಾನು ಎರಡನೆಯ ಇಯತ್ತೆ ಓದುತ್ತಿದ್ದೆ. ಮನೆಯಲ್ಲಿ ಚಿನಕುರಳಿ, ಸಾಲೆಯಲ್ಲಿ ಮಾತ್ರ ಹಾಜರಿ ಕೂಗಿದರೂ ಅಂಜಿ ಬಾಯಿ ತೆರೆಯುತ್ತಿರಲಿಲ್ಲ. ಎದುರಿಗೇ ಕುಳಿತಿದ್ದರೂ ಗೈರುಹಾಜರಿ ಬೀಳುತ್ತಿತ್ತು. “ಹಿಂಗಾದ್ರ ಹುಡುಗಿ ಮುಂದಿನ ಇಯತ್ತೆಗೆ ಹೋಗೂದಿಲ್ರಿ” ಎಂದು ಮಾಸ್ತರರು ಮನೆಗೇ ಹೇಳಿ ಕಳಿಸಿದ್ದರು.

ಅಜ್ಜಿಯ ಬಳಿ ಇದಕ್ಕೆ ಔಷಧಿ ಇತ್ತು. ಕರಡಿಯ ಮೇಲೆ ಕೂಡಿಸಿದರೆ ಮಕ್ಕಳ ಅಂಜಿಕೆ ಹೋಗುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರೂ ನಂಬಿದ್ದ ಮಾತು. ಸುಗ್ಗಿ ಮುಗಿದ ಮೇಲೆ ಕರಡಿ ಆಡಿಸುವ ಸಾಹೇಬರು ಓಣಿಗೆ ಬಂದರು. ಅವರು “ಬೈಠೋ” ಎಂದರೆ ಕರಡಿ ಕೂಡುತ್ತಿತ್ತು, “ಚಲೋ” ಎಂದರೆ ನಡೆಯುತ್ತಿತ್ತು. ಅದಕ್ಕೆ ಬರುತ್ತಿದ್ದುದು ಉರ್ದು ಒಂದೇ.

“ಅಂಜಬ್ಯಾಡ್ರಿ ಅಮ್ಮಾರ, ಆಕಳಕಿಂತ ಸಾಧು ಐತಿ” ಎಂದು ಸಾಹೇಬರು ನನ್ನನ್ನು ಎತ್ತಿ ಅದರ ಬೆನ್ನ ಮೇಲೆ ಕೂಡಿಸಿದರು. ಅದರ ಕೂದಲು ಕಸಬರಿಗೆಯಂತೆ ಚುಚ್ಚುತ್ತಿತ್ತು. ಅಷ್ಟರಲ್ಲಿ ಅವ್ವ ಮೊರದ ತುಂಬ ಜೋಳ ತಂದಳು. ಸಾಹೇಬರು ಹಗ್ಗ ಕೆಳಗೆ ಬಿಟ್ಟು ಜೋಳಿಗೆ ಒಡ್ಡಿದರು.

“ಹೆಂಗ ಅನಸ್ತೈತಿ?” ಎಂದಳು ಅಜ್ಜಿ.

ಅಂಜಿದ್ದು ತೋರಿಸಬಾರದೆಂದು ನಾನು, “ಚಲೋ ಐತಿ” ಎಂದೆ.

ಕರಡಿ ಹೊರಟಿತು.

ನಮಗೆ ಚಲೋ ಎಂದರೆ ಛಂದ. ಕರಡಿಗೆ ಚಲೋ ಎಂದರೆ ನಡೆ. ಓಣಿಯ ಕೊನೆಗೆ ಕಟ್ಟೆಯಿಲ್ಲದ ಬಾವಿ. “ನಿಂದರು, ನಿಂದರು” ಎನ್ನುತ್ತ ಮಂದಿಯೆಲ್ಲ ಬೆನ್ನತ್ತಿದರು. ಆ ಗದ್ದಲದಲ್ಲಿ ಸಾಹೇಬರ ದನಿ ಮುಳುಗಿಹೋಯಿತು. ಅಜ್ಜಿಯಂತೂ “ಚಲೋತ್ನ್ಯಾಗ ಹಿಡಕೋ ಯವ್ವಾ, ಚಲೋತ್ನ್ಯಾಗ ಹಿಡಕೋ” ಎಂದು ಎಲ್ಲರ ದನಿ ಮೀರಿಸಿ ಒಂದೇ ಸವನೆ ಕೂಗತೊಡಗಿದಳು. ಅವಳು ಚಲೋ ಎಂದಷ್ಟೂ ಕರಡಿ ಜೋರು ಹಿಡಿಯಿತು.

ಬಾವಿಯ ನೀರು ಕಂಡಾಗ ಜೀವ ಬಾಯಿಗೆ ಬಂತು. ಜೀವದ ಜೊತೆ ಆ ಮಾತೂ ಬಂತು. “ಬೈಠೋ” ಎಂದು ಒದರಿದೆ. ಕರಡಿ ಅಲ್ಲೇ ಕುಕ್ಕರಿಸಿತು. ನಾನು ಹಿಂದಕ್ಕೆ ಜಾರಿ ಮಣ್ಣಿಗೆ ಬಿದ್ದೆ.

ಸಾಹೇಬರು ಓಡಿಬಂದು ಹಗ್ಗ ಹಿಡಿದರು. ಅಜ್ಜಿ ನನ್ನನ್ನು ಅವಚಿಕೊಂಡು ಅತ್ತಳು. ಅತ್ತು ಮುಗಿಸಿ ಕೇಳಿದ್ದು ಒಂದೇ ಮಾತು: “ಅಂಜಿಕಿ ಹೋತಿಲ್ಲ ಯವ್ವಾ?”

ಮರುದಿನ ಮಾಸ್ತರರು ನನ್ನ ಹೆಸರು ಕೂಗಿದರು. ಕರಡಿಯೇ ಕೇಳಿದ ದನಿ, ಮಾಸ್ತರರು ಕೇಳರೇ? “ಹಾಜರ್ರೀ” ಎಂದೆ. ಅವರು ಕನ್ನಡಕ ತೆಗೆದು ನೋಡಿ, “ಚಲೋ ಆತು ನೋಡವ್ವ” ಎಂದರು. ನಾನು ಕೂಡಲೇ ಪಕ್ಕದ ಹುಡುಗಿಯ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಈಗ ನಾನೂ ಅಜ್ಜಿ. ಯಾರ ಮುಂದೆಯೂ ನನ್ನ ಬಾಯಿ ಕಟ್ಟುವುದಿಲ್ಲ. ಆದರೆ ಯಾರಾದರೂ ‘ಚಲೋ’ ಎಂದರೆ ಸಾಕು, ಕೈ ಇಂದಿಗೂ ಹಿಡಿಯಲು ಏನಾದರೂ ಹುಡುಕುತ್ತದೆ.